ಓದದೆ ಸುಟ್ಟ ಕಾರ್ಡು

“ಆ ಕಾರ್ಡು ಎರಡು ದಿನದ ಮಟ್ಟಿಗೆ ಕೊಡ್ರಿ ಇಂದಕ್ಕಾ. ಶೋಕಸಭಾ ಮುಗಿದ ಮ್ಯಾಲೆ ನಾನಽ ಬಂದು ನಿಮ್ಮ ಕೈಯಾಗ ತಿರುಗಿ ಕೊಟ್ಟು ಹೋಗತೇನಿ,” ಎಂದಳು ಪ್ರಫುಲ್ಲಾ.

“ಯಾವ ಕಾರ್ಡು?”

“ರಂಗೂಬಾಯಿ ನಿಮಗ ಬರದದ್ರಿ. ದೌಂಡದಿಂದ ಅವರ ಅಣ್ಣನ ಮಗಾ ಅವಧೂತರಾಯರು ಸಾಲಿಗೆ ಪತ್ರಾ ಹಾಕ್ಯಾರಲ್ಲ, ಅದರಾಗ ಬರದಾರ. ತೀರಿಕೊಳ್ಳೂದಕ್ಕ ಒಂದು ವಾರ ಮೊದಲ ನಿಮಗೊಂದು ಕಾರ್ಡು ಬರದ್ರಂತ, ಎದ್ದು ಕೂತು, ತಮ್ಮ ಕೈಲೆ. ಆಮ್ಯಾಲೆ ಟಾಕು ಹಿಡೀಲೇ ಇಲ್ಲಂತ. ಅವರ ಕಡೀ ಅಕ್ಷರಾ ಅಂದ್ರ ಅವಽ. ಭಾಷಣಾ ಯಾರ ಬೇಕಾದ್ರೂ ಮಾಡ್ತಾರ, ಆ ಕಾರ್ಡು ಮಾತ್ರ ಇಂದಕ್ಕನ ಕೈಲೇನಽ ಓದಿಸೂಣು ಅಂತ ಎಲ್ಲಾರೂ ಅಂತಾರ.”

ನಾನು ಮಗಳು ಕುಸುಮಳ ಮದುವೆಯಲ್ಲಿ ಉಡುಗೊರೆ ಬಂದ ಸೀರೆಗಳನ್ನು ಮಡಿಚುತ್ತ ಕೂತಿದ್ದೆ. ಮಡಿಚುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು. ಬಾಯಿ ಹೋದ ಸುದ್ದಿಯನ್ನು ಮೂರು ದಿನದ ಹಿಂದೆ ಇದೇ ಪ್ರಫುಲ್ಲಾ ಬಂದು ಹೇಳಿದ್ದಳು. ಅಂದಿನಿಂದ ನನಗೆ ದುಃಖದ ಜೊತೆಗೆ ಸಣ್ಣದೊಂದು ಮುನಿಸೂ ಇತ್ತು: ಇಪ್ಪತ್ತೈದು ವರ್ಷದ ಗೆಳೆತನ, ಹೋಗುವ ಮುಂಚೆ ನನಗೊಂದು ಸಾಲು ಬರೆಯಬಾರದಿತ್ತೆ ಎಂದು. ಬಾಯಿ ಬರೆದಿದ್ದರು. ಅದು ಬಂದು ನನ್ನ ಕೈಗೂ ಮುಟ್ಟಿತ್ತು.

“ಅದ,” ಎಂದೆ, ಯೋಚನೆ ಮಾಡುವ ಮೊದಲೇ. “ಲಗ್ನದ ಗದ್ದಲದಾಗ ಎಲ್ಲೆ ಇಟ್ಟೇನೋ ಏನೋ. ಹುಡುಕಿ ಕೊಡತೇನಿ.”

“ಸಾವಕಾಶ ಹುಡುಕ್ರಿ. ಸಭಾ ರವಿವಾರ ಅದ. ಬಾಯಿ ಬರದದ್ದನ್ನ ನೀವು ಕಳಕೊಳ್ಳೂ ಪೈಕಿ ಅಲ್ಲ, ನನಗ ಗೊತ್ತಿಲ್ಲೇನು,” ಎಂದು ಪ್ರಫುಲ್ಲಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಆಕೆಯೂ ರಂಗೂಬಾಯಿಯ ಕೈಯಲ್ಲಿ ಕಲಿತವಳೇ, ಈಗ ಅದೇ ಶಾಲೆಯಲ್ಲಿ ಕಲಿಸುತ್ತಾಳೆ.

ರಂಗೂಬಾಯಿ ಧಾರವಾಡದ ಕಡೆಯವರು. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ಗಂಡ ಇಲ್ಲ. ಅಣ್ಣ ಗಟ್ಟಿಗ, ಹಟ ಹಿಡಿದು ಓದಿಸಿ ಪುಣೆಗೆ ಕಳಿಸಿದ. ನಾರಾಯಣ ಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಮರಾಠಿ ಕಲಿಸಿದರು. ಊರೆಲ್ಲ ಅವರಿಗೆ ‘ಬಾಯಿ’ ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತಿದ್ದೆ. ನಾನು ಹದಿನಾಲ್ಕರ ವಯಸ್ಸಿಗೆ ಮದುವೆಯಾಗಿ ಪುಣೆಗೆ ಬಂದಾಗ ಅವರು ನಾಲ್ಕಾರು ಬಿಡಾರಗಳಿದ್ದ ನಮ್ಮ ವಾಡೆಯ ಹಿಂದಿನ ಖೋಲಿಯಲ್ಲಿದ್ದರು. ನನಗೆ ಮರಾಠಿ ಬರುತ್ತಿರಲಿಲ್ಲ. ಕಾಯಿಪಲ್ಲೆಯವಳ ಮುಂದೆ ನಾನು ಕೈಸನ್ನೆ ಮಾಡುತ್ತ ನಿಂತಿದ್ದರೆ ಅವರು ಕಿಟಕಿಯಿಂದ, “ಏ ಹುಡಿಗೀ, ಅಕಿ ಬದನಿಕಾಯಿ ಬೇಕೇನು ಅಂತ ಕೇಳಾಕತ್ಯಾಳ, ನೀ ಯಾಕ ಭರತನಾಟ್ಯ ಮಾಡ್ತೀ?” ಎಂದು ಕೂಗಿದ್ದರು. ಪರವೂರಲ್ಲಿ ನಮ್ಮ ಮಾತು ಕಿವಿಗೆ ಬಿದ್ದದ್ದೇ ನಾನು ಅಲ್ಲೇ ಅತ್ತುಬಿಟ್ಟೆ.

ಅವರು ನನಗೆ ಅಕ್ಷರ ಕಲಿಸುತ್ತೇನೆ ಎಂದಾಗ ನಮ್ಮ ಅತ್ತೆ ಸುತರಾಂ ಒಪ್ಪಲಿಲ್ಲ. ಬಾಯಿ ವಾದ ಮಾಡುವ ಹೆಂಗಸಲ್ಲ. “ನಿಮ್ಮ ಕಣ್ಣು ಮಂಜು ಆದ ಮ್ಯಾಲೆ ಪುರಾಣಾ ಓದವರು ಯಾರ್ರಿ ಕಾಕೂ? ಮಗಾ ಕಚೇರಿಗೆ ಹೋಗ್ತಾನ,” ಎಂದರು, ಅಷ್ಟೇ. ಮರುದಿನವೇ ಅತ್ತೆ, “ಮಧ್ಯಾಹ್ನ ಸುಮ್ಮ ಮಲಗೂ ಬದಲಿ ಹೋಗಿ ಕಲಿ,” ಎಂದು ತಾವೇ ನನ್ನನ್ನು ಅಟ್ಟಿದರು.

ಬಾಯಿಗೊಂದು ರೂಢಿ ಇತ್ತು. ವಹಿಯ ಒಂದು ಪುಟ ತಿದ್ದಿ, ಇನ್ನೊಮ್ಮೆ ಓದಿ ನೋಡಿ, ಸರಿ ಎನಿಸಿದರೆ ಆ ಪುಟದ ಮೇಲಿನ ಮೂಲೆಯನ್ನು ಚೂರು ಹರಿದುಬಿಡುವುದು. ಒಂದೊಂದು ತರಗತಿಗೆ ಐವತ್ತು ವಹಿಗಳು. ಯಾವ ಪುಟ ನೋಡಿಯಾಗಿದೆ, ಯಾವುದು ಇಲ್ಲ ಎಂದು ಹುಡುಕುವ ತಾಪತ್ರಯ ಬೇಡವೆಂದು ಮಾಡಿಕೊಂಡದ್ದು. ಕಡೆಕಡೆಗೆ ಅದು ಚಟವೇ ಆಗಿ, ದಿನಸಿಯ ಚೀಟಿ, ಅಣ್ಣನ ಪತ್ರ, ಜಾತ್ರೆಯ ಕರಪತ್ರ, ಓದಿದ್ದೆಲ್ಲದರ ಮೂಲೆ ಹೋಗುತ್ತಿತ್ತು. ನನ್ನ ಮೊದಲ ಪುಟದ ಮೂಲೆ ಹರಿಯಲು ಹನ್ನೊಂದು ದಿನ ಹಿಡಿಯಿತು. ಆ ಚೂರನ್ನು ನಾನು ಸೆರಗಿನ ತುದಿಗೆ ಕಟ್ಟಿಕೊಂಡು ಓಡಾಡಿದ್ದೆ. “ಹುಚ್ಚೀ, ಅಕ್ಷರಾ ಇದ್ದದ್ದು ವಹಿಯಾಗ, ಚೂರಿನಾಗಲ್ಲ,” ಎಂದು ಬೈಸಿಕೊಂಡೆ.

ಅವರ ಅಕ್ಷರವನ್ನೇ ನೋಡಿ ಬರೆದು ಬರೆದು ನನ್ನ ಅಕ್ಷರವೂ ಅವರದೇ ಅಚ್ಚಾಯಿತು. ನಮ್ಮಿಬ್ಬರ ಬರಹ ಪಕ್ಕದಲ್ಲಿಟ್ಟರೆ ನಮ್ಮವರಿಗೂ ಗುರುತು ಹತ್ತುತ್ತಿರಲಿಲ್ಲ. ಆಮೇಲೆ ಸಕ್ಕರೆ ಕಟ್ಟಿದ ಕಾಗದ, ಹಳೆಯ ಪಂಚಾಂಗ, ಸಿಕ್ಕಿದ್ದೆಲ್ಲ ಓದಿದೆ. ನನ್ನ ಮೊದಲ ಗಂಡುಕೂಸು ಇಪ್ಪತ್ತು ದಿನಕ್ಕೆ ಹೋದಾಗ ಬಂದವರೆಲ್ಲ ಏನೇನೋ ಸಮಾಧಾನ ಹೇಳಿದರು. ಬಾಯಿ ಶಾಲೆ ಬಿಟ್ಟ ಕೂಡಲೇ ಬಂದು ನನ್ನ ಎದುರು ಮೊರ ಇಟ್ಟುಕೊಂಡು ಅಕ್ಕಿಯ ಹರಳು ಆರಿಸುತ್ತ ಕೂರುತ್ತಿದ್ದರು. ಹೀಗೆ ಒಂಬತ್ತು ದಿನ. ಒಂದು ಮಾತೂ ಇಲ್ಲ. ಅಂದಿನಿಂದ ಅವರು ನನಗೆ ಬರೀ ಮಾಸ್ತರಣಿಯಾಗಿ ಉಳಿಯಲಿಲ್ಲ.

ಈ ವರ್ಷ ಚಳಿಗಾಲದಲ್ಲಿ ಅವರ ಕಾಲು ಬಾತವು, ಉಸಿರು ಹತ್ತತೊಡಗಿತು. ಅಣ್ಣನ ಮಗ ಅವಧೂತ ದೌಂಡದಲ್ಲಿ ರೇಲ್ವೆಯಲ್ಲಿದ್ದಾನೆ. ಬಂದು ಕರೆದುಕೊಂಡು ಹೋದ. “ಕುಸುಮನ ಲಗ್ನಕ್ಕ ಬಂದಽ ಬರತೇನಿ,” ಎಂದು ಟಾಂಗಾದಲ್ಲಿ ಕೂತ ಮೇಲೂ ಹೇಳಿದರು. “ಬೀಗರ ಜೋಡಿ ನನ್ನ ಮೊದಲನೇ ಪಂಕ್ತಿಯಾಗ ಕೂಡಸಬ್ಯಾಡ, ಎರಡು ಸಲ ನೀಡಿಸಿಕೋತೇನಿ, ನಿನ್ನ ಮರ್ಯಾದಿ ಹೋದೀತು.”

ಆ ಕಾರ್ಡು ಬಂದದ್ದು ಮದುವೆಗೆ ನಾಲ್ಕು ದಿನ ಇದ್ದಾಗ. ಅಂಗಳದಲ್ಲಿ ಒಲೆ ತೋಡಿ ಅಡಿಗೆಯವರು ಬುಂದಿ ಕರಿಯುತ್ತಿದ್ದರು. ಟಪಾಲಿನವನು ಬಾಗಿಲಲ್ಲಿ ನಿಂತು ಕಾರ್ಡನ್ನು ಎರಡೇ ಬೆರಳಲ್ಲಿ ಹಿಡಿದು ಮುಂದೆ ಮಾಡಿದ, ಮುಖ ಬೇರೆ ಕಡೆ ತಿರುಗಿಸಿದ. ನೋಡಿದೆ. ಮೇಲಿನ ಮೂಲೆ ಹರಿದಿತ್ತು.

ಮೂಲೆ ಹರಿದ ಕಾರ್ಡು ಎಂದರೆ ಸಾವಿನ ಸುದ್ದಿ. ನಮ್ಮಲ್ಲೂ ಹಾಗೆಯೇ, ಮರಾಠಿಯವರಲ್ಲೂ ಹಾಗೆಯೇ. ಅದನ್ನು ಮನೆಯೊಳಗೆ ತರುವುದಿಲ್ಲ, ಹೊರಗೇ ಓದಿ ಹರಿದು ಸ್ನಾನ ಮಾಡುತ್ತಾರೆ. ಧಾರವಾಡದಲ್ಲಿ ನಮ್ಮವರ ಕಾಕಾ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಅವರೇ ಎಂದುಕೊಂಡೆ. ಅವರಾದರೆ ನಮ್ಮ ಮನೆಗೆ ಹತ್ತು ದಿನ ಸೂತಕ, ಮದುವೆ ನಿಂತಂತೆಯೇ. ಗಂಡಿನ ಕಡೆಯವರು ಸೊಲ್ಲಾಪುರದಿಂದ ಆಗಲೇ ಹೊರಟಿದ್ದರು. ಆದರೆ ಸೂತಕ ಹತ್ತುವುದು ಸುದ್ದಿ ತಿಳಿದಾಗ. ತಿಳಿಯುವ ತನಕ ಮನೆ ಶುದ್ಧವೇ. ಹೀಗೆ ಕಾರ್ಡನ್ನು ಓದದೆ ಬದಿಗಿಟ್ಟು ಮದುವೆ ಮುಗಿಸಿದ ಮನೆಗಳನ್ನು ನಾನು ನೋಡಿದ್ದೆ. ವಿಳಾಸದ ಬದಿ ಮೇಲಿತ್ತು, ಇಂಗ್ಲಿಷಿನಲ್ಲಿ, ಯಾರದೋ ಗಂಡಸಿನ ಕೈ. ಆ ಬದಿಯನ್ನೂ ಪೂರ್ತಿ ನೋಡಲಿಲ್ಲ. ನಾಲ್ಕು ಹೆಜ್ಜೆ ನಡೆದು ಬುಂದಿಯ ಒಲೆಗೆ ಹಾಕಿದೆ. ನಮ್ಮವರಿಗೂ ಹೇಳಲಿಲ್ಲ, ಹೇಳಿದರೆ ಅವರಿಗೆ ತಿಳಿದಂತಾಗುತ್ತಿತ್ತಲ್ಲ.

ಮದುವೆಯಾಯಿತು. ಧಾರವಾಡದ ಕಾಕಾನ ಕ್ಷೇಮಸಮಾಚಾರವೂ ಬಂತು, ಎದ್ದು ಕೂತು ಮೊಸರನ್ನ ಉಣ್ಣುತ್ತಿದ್ದಾರಂತೆ. ಟಪಾಲಿನ ಚೀಲದಲ್ಲಿ ಸಿಕ್ಕಿ ಹರಿದಿರಬೇಕು ಎಂದು ಆ ಕಾರ್ಡನ್ನು ಮರೆತೇಬಿಟ್ಟೆ. ಮದುವೆಯಾದ ಎರಡನೇ ದಿನಕ್ಕೆ ಬಾಯಿ ದೌಂಡದಲ್ಲಿ ತೀರಿಹೋಗಿದ್ದರು.

ಪ್ರಫುಲ್ಲಾ ಹೋದ ಮೇಲೆ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಕಲೆಕ್ಟರ್ ಕಚೇರಿಯ ಗುಮಾಸ್ತ, ಎಂಥದಕ್ಕೂ ಒಂದು ಚೇಷ್ಟೆಯ ಮಾತು ಅವರಲ್ಲಿ ತಯಾರಿರುತ್ತದೆ. ಅವತ್ತು ಇರಲಿಲ್ಲ. ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

“ಯಾರ ಮುಂದನೂ ಬಾಯಿ ಬಿಡಬ್ಯಾಡ,” ಎಂದರು. “ಸಾವಿನ ಕಾರ್ಡು ಮುಚ್ಚಿಟ್ಟು ಧಾರಿ ಎರದ್ರು ಅಂತ ಬೀಗರ ಕಿವಿಗೆ ಬಿತ್ತಂದ್ರ, ನಾಳೆ ಆ ಮನ್ಯಾಗ ಒಂದು ಆಕಳಾ ಸತ್ತರೂ ಕುಸುಮನ ಕಡೆ ಬಟ್ಟು ಮಾಡ್ತಾರ.”

“ಅದು ಸಾವಿನ ಕಾರ್ಡು ಅಲ್ಲಽ ಅಲ್ಲಲ್ರಿ.”

“ಸುಡೂ ಮುಂದ ನಿನಗ ಗೊತ್ತಿತ್ತೇನು?” ಎಂದರು. ಆಮೇಲೆ ಮೆಲ್ಲಗೆ, “ಹಂಗೂ ನಿನ್ನ ಅಕ್ಷರಾ ಅವರ ಅಕ್ಷರಾ ಒಂದಽ. ಅವರ ಮಾತು ನಿನಗ ಬಾಯಿಪಾಠ. ಒಂದು ಕಾರ್ಡು ಬರದು ಓದಿಬಿಡು. ಯಾರಿಗೂ ಏನೂ ಲುಕ್ಸಾನಿಲ್ಲ. ಕೇಳಿದವರಿಗೆ ಸಮಾಧಾನಽ ಆಗತದ,” ಎಂದರು.

ಬರೆದೆ. ಸುಳ್ಳೇಕೆ ಹೇಳಲಿ, ಮರುದಿನ ಮಧ್ಯಾಹ್ನ ಕೂತು ಬರೆದೆ. ಒಂದು ಕಡೆಯೂ ಟಾಕು ತಡೆಯಲಿಲ್ಲ. ‘ಇಂದೂ, ಹುಚ್ಚೀ, ಬೀಗರ ಮುಂದ ಭಾಳ ಬಾಗಬ್ಯಾಡ, ಸೊಂಟಾ ಹಿಡೀತದ’ ಎಂದು ಶುರುವಾದದ್ದು, ‘ನಾನು ಬರಲಿಕ್ಕಾಗಲಿಲ್ಲ ಅಂತ ಮನಸಿಗೆ ಹಚಿಗೋಬ್ಯಾಡ’ ಎಂದು ಮುಗಿಯಿತು. ಬರೆದು ಓದಿಕೊಂಡೆ. ಬಾಯಿಯೇ ಕಿಟಕಿಯಲ್ಲಿ ನಿಂತು ಹೇಳಿದಂತಿತ್ತು. ನನಗೆ ಬಂದ ಕಾರ್ಡೇ ಎಂದುಕೊಂಡು ಅಳು ಬಂತು. ಅತ್ತ ಮೇಲೆ ಹೆದರಿಕೆಯೂ ಆಯಿತು. ನನಗೆ ಏನು ಕೇಳಬೇಕಾಗಿತ್ತೋ ಅದನ್ನೇ ಅವರ ಬಾಯಲ್ಲಿ ಹೇಳಿಸಿದ್ದೆ. ಅವರು ನಿಜವಾಗಿ ಏನು ಬರೆದಿದ್ದರು? ಅಷ್ಟು ತಿಳಿದರೆ ಸಾಕು, ಅದನ್ನೇ ಬರೆದು ಓದಿದರೆ ಸುಳ್ಳಾದರೂ ಪೂರಾ ಸುಳ್ಳಲ್ಲ ಎನಿಸಿತು. ಅವಧೂತನಿಗೆ ಗೊತ್ತಿರಬಹುದು. ಶನಿವಾರ ಬೆಳಿಗ್ಗೆಯ ಗಾಡಿಗೆ ದೌಂಡಕ್ಕೆ ಹೊರಟೆ. ಬರೆದ ಕಾರ್ಡು ಕೈಚೀಲದಲ್ಲೇ ಇತ್ತು.

ರೇಲ್ವೆಯವರ ಮನೆಗಳ ಸಾಲಿನಲ್ಲಿ ಅವನದು ಕಡೆಯದು. ಬಾಗಿಲಿನಿಂದ ಗಾಡಿ ಬರುವುದು ಹೋಗುವುದು ಎಲ್ಲ ಕಾಣುತ್ತದೆ. ಅವಧೂತ ತಲೆ ಬೋಳಿಸಿಕೊಂಡಿದ್ದ, ಕರ್ಮ ಮಾಡಿದವನು ಅವನೇ.

“ಬರ್ರಿ ಮಾವಶೀ,” ಎಂದು ಚಾಪೆ ಹಾಸಿದ. ನಾನು ಕೂಡುವುದರೊಳಗೆ ನನ್ನ ಕೈಚೀಲದ ಕಡೆ ನೋಡಿ, “ತಂದೀರೇನ್ರಿ?” ಎಂದ.

“ಏನು?”

“ಅತ್ಯಾನ ಕಾರ್ಡು. ನಾ ಓದಿಲ್ರಿ. ನನ್ನ ಕೈಲೆ ವಿಳಾಸ ಅಷ್ಟು ಬರಿಸಿದ್ಲು. ‘ತಿರುವಬ್ಯಾಡೋ, ಹೆಂಗಸರ ಮಾತು ಅವ ಅದರಾಗ’ ಅಂದ್ಲು. ನಾನೂ ತಿರುವಲಿಲ್ಲ. ಈಗ ಅನಸ್ತದ, ತಿರುವಿ ನೋಡಬೇಕಾಗಿತ್ತು. ನಮ್ಮಿಬ್ಬರಿಗೆ ಅಕಿ ಏನೂ ಹೇಳಿ ಹೋಗಲಿಲ್ರಿ, ಎಲ್ಲಾ ಆ ಕಾರ್ಡಿನಾಗ ಬರದಾಳ. ನೀವು ಬಂದಾಗ ಒಮ್ಮೆ ಓದಿ ಕೇಳೂಣು ಅಂತ ದಾರೀನಽ ನೋಡಾಕತ್ತಿದ್ವಿ.”

ಅವನ ಹೆಂಡತಿ ಚಹಾ ಇಟ್ಟದ್ದನ್ನು ಬಿಟ್ಟು ಒಳಗಿನಿಂದ ಬಂದು ಹೊಸ್ತಿಲಲ್ಲಿ ಕೂತಳು, ಕೇಳಲಿಕ್ಕೆ.

ನನ್ನ ಕೈ ಚೀಲದೊಳಗೆ ಹೋಯಿತು. ಕಾರ್ಡು ಬೆರಳಿಗೆ ಸಿಕ್ಕಿತು. ವಿಳಾಸದ ಬದಿ ಕಾಣದಂತೆ ಹಿಡಿದು ಓದಿ ಹೇಳಿದರೆ ಮುಗಿಯಿತು. ಆದರೆ ಆ ಹುಡುಗ ನಾಳೆ, ನಾಡಿದ್ದು, ಸಾಯುವ ತನಕ ನನ್ನ ಮಾತನ್ನು ತನ್ನ ಅತ್ಯಾನ ಮಾತೆಂದು ನೆನೆಯುತ್ತಿದ್ದ.

“ನಾನಽ ಓದಿಲ್ಲಪಾ,” ಎಂದೆ. “ಮೂಲಿ ಹರದಿತ್ತು. ಲಗ್ನಕ್ಕ ನಾಲ್ಕು ದಿನ ಇತ್ತು. ನಮ್ಮ ಕಾಕಾಂದು ಅಂತ ತಿಳದು ಒಲಿಗೆ ಹಾಕಿದೆ.”

ಒಳಗೆ ಚಹಾ ಉಕ್ಕಿ ಒಲೆಗೆ ಬಿದ್ದ ಸಪ್ಪಳವಾಯಿತು, ಅವನ ಹೆಂಡತಿ ಏಳಲಿಲ್ಲ.

“ನಾ ಹೇಳಿದೆ ಅಕಿಗೆ,” ಎಂದ ಅವಧೂತ, ನನ್ನ ಮುಖ ನೋಡದೆ. “ಬರದು, ಎರಡು ಸಲ ಓದಿ, ಪಟ್ಟನ ಮೂಲಿ ಹರದ್ಲು. ‘ಅತ್ಯಾ, ಏನ್ ಮಾಡಿದಿ, ಸಾವಿನ ಕಾರ್ಡು ಆತಲ್ಲ, ಬ್ಯಾರೆ ತರತೇನಿ’ ಅಂದೆ. ನಕ್ಕಳು. ‘ಮತ್ತೊಮ್ಮೆ ಬರಿಯೂ ತ್ರಾಣ ನನಗಿಲ್ಲ. ಇಂದೂಗ ನನ್ನ ಚಟಾ ಗೊತ್ತದ. ಅಕಿ ಹೆದರೂದಿಲ್ಲ, ಹಾಕಿ ಬಾ’ ಅಂದ್ಲು.”

“ಸಿಟ್ಟಾಗಿದ್ರೇನು? ನಾ ಬರಲಿಲ್ಲ ಅಂತ?”

“ಸಿಟ್ಟಾಗಿದ್ರ ಛಲೋ ಇತ್ರಿ. ಪುಣೇ ಗಾಡಿ ಸಿಳ್ಳು ಹಾಕಿದಾಗೊಮ್ಮೆ ತಲಿ ಎತ್ತತಿದ್ಲು. ‘ಲಗ್ನದ ಮನಿ ಅತ್ಯಾ, ಮುಗಿಸಿಕೊಂಡು ಬರತಾರ’ ಅಂತ ನಾ ಅಂತಿದ್ದೆ. ‘ಹೌದು ಹೌದು’ ಅಂತಿದ್ಲು. ಮುಂದಿನ ಗಾಡಿಗೆ ಮತ್ತ ಎತ್ತತಿದ್ಲು.”

“ಬಿಡ್ರಿ ಮಾವಶೀ,” ಎಂದಳು ಅವನ ಹೆಂಡತಿ. “ಮಗಳ ಲಗ್ನ. ನಾ ಆಗಿದ್ರೂ ಅದನ್ನಽ ಮಾಡತಿದ್ದೆ.”

ಅವಧೂತ ಆಕೆಯ ಕಡೆ ತಿರುಗಿದ. “ನೀ ಮಾಡತಿದ್ದಿ. ನಿನಗ ಓದಲಿಕ್ಕೆ ಬರೂದಿಲ್ಲ. ಇವರಿಗೆ ಅತ್ಯಾ ಕಲಿಸಿದ್ಲು.”

ಚಹಾ ಕುಡಿಯದೆ ಎದ್ದೆ. ಅವನು ಸ್ಟೇಶನ್ನಿನ ತನಕ ಬಂದ. ಗಾಡಿ ಹೊರಟ ಮೇಲೆ ನಾನು ಬರೆದಿದ್ದ ಕಾರ್ಡನ್ನು ಹರಿದು ಕಿಟಕಿಯಿಂದ ಬಿಟ್ಟೆ. ಕಬ್ಬಿನ ಹೊಲಗಳ ಮೇಲೆ ಹಾರಿಹೋಯಿತು. ಆಮೇಲೆ ಪುಣೆಯ ತನಕ ಒಂದೇ ಯೋಚನೆ. ಬಾಯಿ ನನ್ನ ಬಂಧು ಅಲ್ಲ, ಬಳಗ ಅಲ್ಲ. ಅವರು ಸತ್ತ ಸುದ್ದಿಯೇ ಅದರಲ್ಲಿದ್ದರೂ ನಮಗೆ ಒಂದು ದಿನದ ಸೂತಕವೂ ಇರಲಿಲ್ಲ. ಗೆಳತಿ ಸತ್ತರೆ ಇಷ್ಟು ದಿನ ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಓದಿದ್ದರೂ ಮದುವೆ ನಿಲ್ಲುತ್ತಿರಲಿಲ್ಲ.

ರವಿವಾರ ಸಂಜೆ ಶಾಲೆಯ ದೊಡ್ಡ ಖೋಲಿ ತುಂಬಿತ್ತು. ಬಾಯಿಯ ಕೈಯಲ್ಲಿ ಕಲಿತು ಅಜ್ಜಿಯಾದವರೂ ಬಂದಿದ್ದರು. ಹೊರಡುವಾಗ ನಮ್ಮವರು, “ಕುಸುಮನ್ನ ನೆನಿಸಿಕೋ,” ಎಂದಷ್ಟೇ ಹೇಳಿದ್ದರು. ನೆನೆಸಿಕೊಂಡೆ. ಆದರೆ ಪ್ರಫುಲ್ಲಾ ನನ್ನ ಹೆಸರು ಕರೆದು, ಕಡೆಯ ಕಾರ್ಡು ಈಗ ಇವರು ಓದುತ್ತಾರೆ ಎಂದಾಗ, ಅಷ್ಟೂ ಮುಖಗಳು ದೌಂಡದ ಹೊಸ್ತಿಲಲ್ಲಿ ಕೂತ ಆ ಹೆಂಗಸಿನ ಮುಖದಂತೆಯೇ ಕಂಡವು. ಬರಿಗೈಯಲ್ಲಿ ಎದ್ದು ನಿಂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಆದದ್ದನ್ನು ಆದಹಾಗೆ ಹೇಳಿದೆ. ಮಗಳ ಮದುವೆ, ಒಲೆ, ದೌಂಡದಲ್ಲಿ ಸಿಳ್ಳು ಕೇಳಿದಾಗೊಮ್ಮೆ ಎತ್ತಿದ ತಲೆ. ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಇನ್ನೊಬ್ಬರು, ಇಂಥದನ್ನೆಲ್ಲ ಸಭೆಯಲ್ಲಿ ಹೇಳಬಾರದಿತ್ತು ಎಂದರು, ನನಗೆ ಕೇಳಿಸುವಂತೆಯೇ.

ಗೇಟಿನ ಹತ್ತಿರ ಪ್ರಫುಲ್ಲಾ ಬೆನ್ನು ಹತ್ತಿ ಬಂದಳು. ಅಳುತ್ತಿದ್ದಳು.

“ನನಗ್ಯಾಕ ಸುಳ್ಳು ಹೇಳಿದ್ರಿ ಇಂದಕ್ಕಾ? ಅದ ಅಂದ್ರಿ.”

“ಅಂದೆ.”

“ನನಗ ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದದ. ನಿಮ್ಮನಿಗೆ ಬರತೇನಿ. ಈಗಽ ಬರೂದಿಲ್ಲ.”

“ಬಾರವಾ. ಯಾವಾಗ ಬೇಕಾದ್ರೂ ಬಾ.”

ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಬೆಳಕು ಇನ್ನೂ ಇತ್ತು. ವಾಡೆಯ ಚೌಕದಲ್ಲಿ ಎಲ್ಲರೂ ನೀರು ಹಿಡಿಯುವ ನಳದ ಕೆಳಗೆ ಬಕೀಟು ಇಟ್ಟೆ. ತುಂಬಿದ ಮೇಲೆ ಉಟ್ಟ ಸೀರೆಯಲ್ಲೇ ಕೂತು ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡೆ. ಒಂದು ಬಕೀಟು, ಇನ್ನೊಂದು. ಬಾಗಿಲಲ್ಲಿ ನಮ್ಮವರು ಬಂದು ನಿಂತರು, ನೋಡಿದರು, ಒಣ ಸೀರೆ ತರಲು ಒಳಗೆ ಹೋದರು.

ಮಾಳಿಗೆಯ ಮೇಲೆ ಕೃಷ್ಣಾಬಾಯಿ ಎಂಬ ಮರಾಠಿ ಮುದುಕಿ ಇದ್ದಾಳೆ. ವಾಡೆಯಲ್ಲಿ ಆಕೆಯಷ್ಟು ಮಡಿ ಮಾಡುವವರು ಯಾರೂ ಇಲ್ಲ. ಕಟ್ಟೆಗೋಡೆಯಿಂದ ಬಗ್ಗಿ, “ಕೋಣ ಗೇಲಂ ಗ ಇಂದೂ?” ಎಂದು ಕೇಳಿದಳು, ಯಾರು ಹೋದರೆಂದು. ಹೊತ್ತಲ್ಲದ ಹೊತ್ತಿನಲ್ಲಿ ಹೀಗೆ ಮಿಂದರೆ ಯಾರೋ ಹೋಗಿದ್ದಾರೆ ಎಂದೇ ಲೆಕ್ಕ.

“ನಮ್ಮಾಕಿ,” ಎಂದೆ ಕನ್ನಡದಲ್ಲೇ. ಆಮೇಲೆ ಮರಾಠಿಯಲ್ಲಿ, “ನಮ್ಮ ಮನೆಯವಳೇ,” ಎಂದೆ.

“ಅರೆರೆ. ಎಷ್ಟು ದಿನದ ಸೂತಕ?”

“ಹತ್ತು.”

ಕೃಷ್ಣಾಬಾಯಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ನಳದ ಪಕ್ಕದ ಗಳುವಿನ ಮೇಲೆ ಆಕೆಯ ಮಡಿಸೀರೆ ಒಣಗುತ್ತಿತ್ತು. ನನ್ನಿಂದ ದೂರ ನಿಂತು ಕೋಲಿನಿಂದ ಅದನ್ನು ಮೆಲ್ಲಗೆ ಎತ್ತಿದಳು. ನನಗೆ ತಾಗದಂತೆ ಸುತ್ತು ಹಾಕಿಕೊಂಡು ಹೋಗಿ ಆಚೆಯ ಗಳುವಿನ ಮೇಲೆ ಹರವಿದಳು.